ಕೂಸನ್ನು ಹೊಗಳಿದ ಮಾಟಗಾತಿ

ಗಣಿತ ಕಲಿಸುತ್ತಲೇ ಮಾಟಗಾತಿಯನ್ನು ಹುಟ್ಟಿಸಿದ ಮಾಸ್ತರ ಇಡೀ ಹುನಗುಂದ ತಾಲ್ಲೂಕಿನಲ್ಲಿ ನಾನೊಬ್ಬನೇ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ವಿನಯ ದೊಡ್ಡವರಿಗೆ ಶೋಭೆ. ನಮ್ಮಂಥವರು ವಿನಯ ತೋರಿಸಿದರೆ ಜನ ಅದನ್ನೇ ನಿಜವೆಂದು ನಂಬಿಬಿಡುತ್ತಾರೆ.

ಎಪ್ಪತ್ತರ ದಶಕದ ಕೊನೆಯ ಮಾತು. ಬಾಗಲಕೋಟೆಯ ವಾರಪತ್ರಿಕೆಯೊಂದರಲ್ಲಿ ನನ್ನದೊಂದು ಮಾಯಾಲೋಕದ ಧಾರಾವಾಹಿ ಬರುತ್ತಿತ್ತು. ಅದರ ಮಾಟಗಾತಿಗೆ ಗೇಣುದ್ದದ ಉಗುರು, ಕೆದರಿದ ಕೂದಲು, ಮಾತಿಗೊಮ್ಮೆ ಗಹಗಹಿಸುವ ನಗೆ ಎಲ್ಲ ಕೊಟ್ಟು, ಬಾದಾಮಿ ಗುಡ್ಡದ ಗವಿಯಲ್ಲಿ ಕೂರಿಸಿದ್ದೆ. ಒಂದು ದಿನ ಸಂಪಾದಕರು ಕರೆದು, "ಮಾಸ್ತರ, ನಿಮ್ಮ ಮಾಟಗಾತಿಗೆ ಸಣ್ಣ ಹುಡುಗ್ರೂ ಅಂಜವಲ್ರು. ಮುಂದಿನ ಕಂತಿನ್ಯಾಗ ಅಂಜಿಸಿದ್ರ ಸರಿ, ಇಲ್ಲಂದ್ರ ಬಂದ್ ಮಾಡೂದ ನೋಡ್ರಿ" ಎಂದರು. ಇಳಕಲ್ಲಿನ ತುಂಬ ಕಾದಂಬರಿಕಾರನೆಂದು ಎದೆ ಸೆಟೆಸಿ ತಿರುಗಿದವನು ಮತ್ತೆ ಬರಿಯ ಗಣಿತದ ಮಾಸ್ತರನಾಗಿ ಬದುಕುವುದು ಹೇಗೆ?

ಮನೆಗೆ ಬಂದವನೇ ಗಂಗತ್ತೆಗೆ ಕಥೆ ಓದಿ ಹೇಳಿದೆ. ಗಂಗತ್ತೆ ನನ್ನಪ್ಪನ ಅಕ್ಕ, ನಮ್ಮ ಮನೆಯಲ್ಲೇ ಇದ್ದಳು. ಎಲೆಯಡಿಕೆ ಅಗಿಯುತ್ತ ಎಲ್ಲ ಕೇಳಿ, "ಬಾದಾಮಿ ಗುಡ್ಡದಾಗ ಒಬ್ಬಾಕೇನ ಇರ್ತಾಳಾ? ಅಲ್ಲಿ ಮಂಗ್ಯಾಗೋಳು ಆಕೀನ್ನ ರೊಟ್ಟಿ ತಿನ್ನಾಕ ಬಿಡ್ತಾವೇನೋ?" ಎಂದಳು.

"ಮಾಟಗಾತಿ ರೊಟ್ಟಿ ತಿನ್ನೂದಿಲ್ಲತ್ತಿ" ಎಂದೆ ಸಿಟ್ಟಿನಿಂದ.

"ಹಂಗಾರ ಆಕಿಗೆ ಯಾಕ ಅಂಜೂದು? ನಾಕ ದಿನಕ್ಕ ತಾನ ಸಾಯ್ತಾಳ ತಗೀ."

ಅಷ್ಟರಲ್ಲಿ ಓಣಿಯ ಹೆಂಗಸೊಬ್ಬಳು ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದಳು. ತೊಟ್ಟಿಲಲ್ಲಿದ್ದ ನನ್ನ ಮಗನ ಗಲ್ಲ ಹಿಂಡಿ, "ಅಯ್ಯ, ಎಷ್ಟ ಚಂದ ಐತವ್ವ ಕೂಸು! ಮೈಕೈ ತುಂಬಿಕೊಂಡೈತಿ" ಎಂದು ಹೋದಳು. ಅಷ್ಟೇ. ಗವಿಯ ಮಾಟಗಾತಿಗೆ ಅಂಜದ ಅತ್ತೆ ದಡಬಡಿಸಿ ಎದ್ದು, "ಸುಡ್ಲಿ ಆಕಿ ಕಣ್ಣು! ಲಗೂ ನೆದರ ತಗೀಬೇಕು" ಎಂದು ದೃಷ್ಟಿ ನಿವಾಳಿಸಲು ಉಪ್ಪು ಹುಡುಕತೊಡಗಿದಳು. ಹೆಂಡತಿ ಕೂಸಿನ ಗಲ್ಲಕ್ಕೆ ಕಾಡಿಗೆಯ ಬೊಟ್ಟಿಡಲು ಓಡಿದಳು. ನಾನು ಪೆನ್ನು ಹುಡುಕಿದೆ.

ಮುಂದಿನ ಕಂತಿನಲ್ಲಿ ಮಾಟಗಾತಿಯ ಉಗುರು ಕತ್ತರಿಸಿ, ತಲೆ ಬಾಚಿ, ಇಳಕಲ್ ಸೀರೆ ಉಡಿಸಿ, ಕೈಗೊಂದು ಬಟ್ಟಲು ಕೊಟ್ಟು ಅರಮನೆಗೆ ಕಳಿಸಿದೆ. ಆಕೆ ಮಂತ್ರ ಹಾಕಲಿಲ್ಲ, ಗಹಗಹಿಸಲಿಲ್ಲ. ರಾಜಕುಮಾರನ ತೊಟ್ಟಿಲಿಗೆ ಬಗ್ಗಿ, "ಎಷ್ಟ ಕೆಂಪಗ ಐತವ್ವ ಕೂಸು!" ಎಂದಳು, ಹೆಪ್ಪು ಹಾಕಿಸಿಕೊಂಡು ಹೋದಳು. ಪತ್ರಿಕೆ ಬಂದ ದಿನ ಓಣಿಯ ಕಟ್ಟೆಯ ಮೇಲೆ ಕುಳಿತು ಜೋರಾಗಿ ಓದಿದೆ. ಆ ಮಾತು ಬಂತೋ ಇಲ್ಲವೋ, ಪಕ್ಕದ ಮಗ್ಗದ ಮನೆಯ ಕಾಶವ್ವ ತನ್ನ ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡು, "ಮಾಸ್ತರ, ಮದ್ಲ ಆಕೀನ್ನ ಹೊರಗ ಹಾಕ್ರಿ!" ಎಂದು ಚೀರಿದಳು. ನನಗಾದ ಹೆಮ್ಮೆ ಅಷ್ಟಿಷ್ಟಲ್ಲ. ಸಂಪಾದಕರೂ ಧಾರಾವಾಹಿ ನಡೆಯಲಿ ಎಂದರು. ಹೋದಲ್ಲೆಲ್ಲ "ಭಾಳ ಚಂದ ಬರದೀರಿ" ಎಂಬುದೇ ಮಾತು.

ಇಷ್ಟು ಹೊಗಳಿಸಿಕೊಂಡವನಿಗೆ ನೆದರು ಹತ್ತದೆ ಇದ್ದೀತೇ? "ಅತ್ತಿ, ನನಗೂ ಒಮ್ಮೆ ತಗೀ" ಎಂದು ಗಂಭೀರವಾಗಿ ಪದ್ಮಾಸನ ಹಾಕಿ ಕುಳಿತೆ. ಅತ್ತೆ ಉಪ್ಪು, ಒಣಮೆಣಸಿನಕಾಯಿ ಇಳಿಸಿ ತೆಗೆದು ಒಲೆಗೆ ಹಾಕಿದಳು. ನೆದರು ಹತ್ತಿದ್ದರೆ ಮೆಣಸಿನಕಾಯಿ ಎಷ್ಟು ಸುಟ್ಟರೂ ಘಾಟು ಏಳುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಹಾಕಿದ ಕೂಡಲೇ ಮನೆ ತುಂಬ ಘಾಟು. ಹೆಂಡತಿ ಕೂಸನ್ನೆತ್ತಿಕೊಂಡು ಬೀದಿಗೆ ಓಡಿದಳು. ಅತ್ತೆ ಕೆಮ್ಮುತ್ತಲೇ, "ನಿನಗ ಯಾರ ಕಣ್ಣೂ ಹತ್ತಿಲ್ಲೋ ತಮ್ಮಾ. ಎಲ್ಲಾರೂ ಆ ಮಾಟಗಾತೀನ್ನ ನೋಡ್ಯಾರ" ಎಂದಳು.

ನನ್ನ ಕಣ್ಣಲ್ಲಿ ನೀರು ಬಂತು. ಸುತ್ತ ಅಷ್ಟು ಘಾಟಿದ್ದದ್ದು ಒಳ್ಳೆಯದೇ ಆಯಿತು.