ಸಾಹೇಬರಿಗೆ ತೋರಿಸಲು ಒಂದು ಬುಟ್ಟಿ ಕಸ

ಗೊತ್ತಿದ್ದವರಿಗೆ ಗೊತ್ತಿದ್ದದ್ದನ್ನೇ ಕಲಿಸಲು ಸಂಬಳ ಪಡೆಯುವವರ ಬಾಳಿನಲ್ಲಿ ಇಂಥ ಪ್ರಸಂಗಗಳಿಗೆ ಬರವೇ ಇಲ್ಲ. ಎಂಬತ್ತರ ದಶಕದ ಮೊದಲಲ್ಲಿ ನಾನು ಗ್ರಾಮಸೇವಕಿಯಾಗಿದ್ದೆ. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ಕಡೆ ಬಸ್ಸಿನಲ್ಲಿ ಅಲೆದಾಟ. ಅಡುಗೆಮನೆಯಿಂದ ಎಸೆಯುವ ಸಿಪ್ಪೆ, ಹೊಟ್ಟು, ಹಿಂಡಿಯಿಂದ ಸತ್ವ ತೆಗೆಯುವುದು ಹೇಗೆಂದು ಹೆಂಗಸರಿಗೆ ತೋರಿಸುವುದೇ ನನ್ನ ಕೆಲಸ. ದೊಡ್ಡ ಕಾರ್ಖಾನೆಯವರು ಇದಕ್ಕೆ ಪೆಟ್ರೋಲಿನಂಥ ದ್ರಾವಕ ಸುರಿಯುತ್ತಾರಂತೆ. ತರಬೇತಿಯಲ್ಲಿ ನಮಗೆ ಹೇಳಿಕೊಟ್ಟದ್ದು ನೀರು, ಎಣ್ಣೆ, ಹುಳಿ, ಹಪ್ಪಳದ ಹಿಟ್ಟಿಗೆ ಹಾಕುವ ಪಾಪಡಖಾರ ಇಷ್ಟೇ. ಹೊಟ್ಟೆಗೆ ಹೋದರೂ ಕೇಡಿಲ್ಲ, ಮೋರಿಗೆ ಹೋದರೂ ಕೇಡಿಲ್ಲ.

ನೌಕರಿ ಮಾತ್ರ ತಾತ್ಕಾಲಿಕ. ಎರಡು ವರ್ಷವಾದ ಮೇಲೆ ಬೆಂಗಳೂರಿನ ಸಾಹೇಬರು ಬಂದು ನೋಡಿ ಮೆಚ್ಚಿದರೆ ಖಾಯಂ, ಇಲ್ಲವಾದರೆ ಮನೆಗೆ. ಮನೆಯಲ್ಲಿ ಒಲೆ ಹೊತ್ತುತ್ತಿದ್ದದ್ದೇ ಆ ನೌಕರಿಯಿಂದ. ಹಾಗಾಗಿ ನಾನು ಕಲಿಸುವ ಉಮೇದಿಯಲ್ಲಿ ಯಾರ ಮಾತನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಕೆಂಪಗಾದ ಎಣ್ಣೆ

ಆಳಂದದ ಕಡೆಯ ಒಂದು ಊರು. ಇಪ್ಪತ್ತು ಹೆಂಗಸರು ಪಡಸಾಲೆಯಲ್ಲಿ ಕೂತಿದ್ದರು. ನಾನು ಗಜ್ಜರಿ, ಅಂದರೆ ಕ್ಯಾರೆಟ್, ಹೆರೆದು ಸಿಪ್ಪೆಯನ್ನು ಎರಡು ಪಾಲು ಮಾಡಿದೆ. ಒಂದು ಪಾಲು ನೀರಿಗೆ, ಇನ್ನೊಂದು ಬೆಚ್ಚಗಿನ ಶೇಂಗಾ ಎಣ್ಣೆಗೆ. ನೀರು ಇದ್ದ ಹಾಗೇ ಇತ್ತು. ಎಣ್ಣೆ ನಿಧಾನವಾಗಿ ಕೇಸರಿ ಬಣ್ಣಕ್ಕೆ ತಿರುಗಿತು. ಎಷ್ಟು ಸಲ ನೋಡಿದ್ದರೂ ಆ ಗಳಿಗೆಯಲ್ಲಿ ನನಗೇ ಮೈ ಜುಮ್ಮೆನ್ನುತ್ತಿತ್ತು.

"ನೋಡಿದ್ರಾ? ಕಣ್ಣಿಗೆ ಬೇಕಾದ ಸತ್ವ ಇದು. ನೀರಿಗೆ ಬಗ್ಗೋದಿಲ್ಲ, ಎಣ್ಣೆಗೆ ಮಾತ್ರ ಇಳಿದು ಬರುತ್ತೆ. ದೊಡ್ಡ ದೊಡ್ಡ ವಿಜ್ಞಾನಿಗಳು ಕಂಡುಹಿಡಿದದ್ದು!" ಎಂದೆ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೆರಗಾಗಿದ್ದಾರೆ ಎಂದುಕೊಂಡು ಒಳಗೊಳಗೇ ಹಿಗ್ಗಿದೆ. ಕಡೆಗೆ ಮೂಲೆಯಲ್ಲಿದ್ದ ಒಬ್ಬ ಹೆಂಗಸು ನನಗೆ ಬೇಜಾರಾಗಬಾರದೆಂದು ಮೆಲ್ಲಗೆ ಕೇಳಿದಳು.

"ಅಕ್ಕೋರ, ಕಾದ ಎಣ್ಣ್ಯಾಗ ಕೆಂಪು ಖಾರ ಹಾಕಿದ್ರೂ ಹಿಂಗ ಕೆಂಪಗಾಗ್ತದ್ರಿ. ನಾವು ಅದಕ್ಕ ಒಗ್ಗರಣಿ ಅಂತೀವಿ. ಅವ್ರು ಏನಂತಾರ್ರಿ?"

ಎಮ್ಮೆಯ ಪಾಲು

ಅಫಜಲಪುರದ ಹತ್ತಿರ ಗೊಬ್ಬೂರಿನಲ್ಲಿ ಇನ್ನೂ ದೊಡ್ಡ ಆಟ ಕಟ್ಟಿದೆ. ಗಾಣದಿಂದ ಆಗಷ್ಟೇ ಬಂದ ಶೇಂಗಾ ಹಿಂಡಿಯನ್ನು ಕುಟ್ಟಿ, ಪಾಪಡಖಾರದ ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿದೆ. ಬಂದದ್ದು ಮಬ್ಬು ನೀರು. ಅದಕ್ಕೆ ನಿಂಬೆಹಣ್ಣು ಹಿಂಡುತ್ತ ಹೋದೆ. ಒಂದು ಹಂತಕ್ಕೆ ಬಂದಿದ್ದೇ ತಡ, ನೀರೆಲ್ಲ ಒಡೆದು ಬೆಳ್ಳಗಿನ ಗರಣೆ ತಳಕ್ಕಿಳಿಯಿತು. ಮೈ ಕಟ್ಟುವ ಸತ್ವವೆಲ್ಲ ಅದರಲ್ಲೇ.

"ಅಯ್ಯಯ್ಯ, ಹಾಲಿಲ್ದ ಹಾಲು ಒಡೀತಲ್ಲೇ!" ಎಂದು ಹೆಂಗಸರು ಎದ್ದು ನಿಂತರು. ಈ ಸಲ ಖರೇ ಬೆರಗು. ಗರಣೆಗೆ ಬೆಲ್ಲ ಹಾಕಿ ಕಾಸಿ ಎಲ್ಲರಿಗೂ ಹಂಚಿದೆ. ಬಟ್ಟೆಯಲ್ಲಿ ಉಳಿದ ಗಸಿಯನ್ನು ಮನೆಯವರು ಎಮ್ಮೆಯ ಮುಂದಿಟ್ಟರು.

ನಾಲ್ಕು ದಿನ ಬಿಟ್ಟು ಹೋದರೆ ಮನೆಯ ಯಜಮಾನ ಬಾಗಿಲಲ್ಲೇ ನಿಂತಿದ್ದ.

"ಅಕ್ಕೋರ, ಮನ್ಯಾಗ ಎಲ್ಲಾರೂ ನಿಮ್ಮ ವಿದ್ಯಾ ಕಲ್ತು ದಿನಾ ಅದನ್ನ ಮಾಡಾಕತ್ತಾರ. ಎಮ್ಮಿಗೆ ಬರೇ ಗಸಿ, ಹಾಲು ಅರ್ಧಾ ಆಗ್ಯಾದ."

"ಆದರೆ ಯಜಮಾನ್ರೇ, ಹಿಂಡಿಯಿಂದ ಸತ್ವ ತೆಗೆಯೋದು..."

"ಅದನ್ನ ನಮ್ಮ ಎಮ್ಮೀನೂ ತೆಗೀತದ್ರಿ," ಎಂದ ಅವನು, ಕೈ ಮುಗಿದು. "ನಿಮಗ ಪಾಪಡಖಾರ ಬೇಕು, ಲಿಂಬಿಹಣ್ಣ ಬೇಕು, ಸೋಸಾಕ ಅರಿವಿ ಬೇಕು. ಎಮ್ಮಿಗೆ ಎರಡು ಬಕೀಟ ನೀರು ಸಾಕು. ಮ್ಯಾಲ ಸಗಣಿನೂ ಕೊಡ್ತದ."

ನಾನು ಹೋಗಿ ಆ ಎಮ್ಮೆಯನ್ನು ನಿಂತು ನೋಡಿದೆ. ನನ್ನ ಹಾಗೆ ತರಬೇತಿ ಪಡೆದದ್ದಲ್ಲ, ಆದರೂ ಖಾಯಂ ನೌಕರಿಯಂತೂ ಅದಕ್ಕಿತ್ತು.

ತುಂಬದ ಬುಟ್ಟಿ

ಕೊನೆಗೆ ಬೆಂಗಳೂರಿನಿಂದ ಸಾಹೇಬರು ಬರುವ ದಿನ ಬಂತು. ಜೇವರ್ಗಿ ಕಡೆಯ ಯಡ್ರಾಮಿ ಹತ್ತಿರದ ಒಂದು ಊರಿನಲ್ಲಿ ಪ್ರಯೋಗ ತೋರಿಸಬೇಕು. "ಊರಿನ ಒಂದು ಬುಟ್ಟಿ ಅಡುಗೆಕಸ ಸಿದ್ಧವಿರಲಿ" ಎಂದು ಕಾಗದ ಬರೆದಿದ್ದರು. ಅದೇನು ಮಹಾ ಎಂದು ಬೆಳಿಗ್ಗೆ ಬುಟ್ಟಿ ಹಿಡಿದು ಮನೆಮನೆ ತಿರುಗಿದೆ.

ಕಸವೇ ಇಲ್ಲ! ಹೀರೇಕಾಯಿ ಸಿಪ್ಪೆ ಚಟ್ನಿಯಾಗಿತ್ತು. ಹಿಂಡಿದ ನಿಂಬೆಹೋಳು ಉಪ್ಪಿನಕಾಯಿಯಾಗಿತ್ತು. ನಿನ್ನೆಯ ರೊಟ್ಟಿ ಮುರಿದು ಒಗ್ಗರಣೆಗೆ ಬಿದ್ದಿತ್ತು. ತೊಗರಿ ಹೊಟ್ಟು, ಹಿಟ್ಟು ಜರಡಿ ಹಿಡಿದ ತೌಡು ಕೊಟ್ಟಿಗೆಗೆ ಹೋಗಿತ್ತು. ಪಾತ್ರೆ ತೊಳೆದ ನೀರು ಕೂಡ ಕರಿಬೇವಿನ ಬುಡ ಸೇರಿತ್ತು. ಇಡೀ ಊರು ಸುತ್ತಿ ಬಂದರೂ ಬುಟ್ಟಿಯ ತಳ ಕಾಣುತ್ತಿತ್ತು. ಇವರಿಗೆ ನಾನು ಕಲಿಸಲು ಬಂದವಳೇ ಎಂದು ಬೆರಗೂ ಆಯಿತು, ನೌಕರಿ ನೆನೆದು ಅಳುವೂ ಬಂತು. ಊರೆಲ್ಲ ಆಯಿ ಎಂದು ಕರೆಯುವ ಹಿರಿಯ ಅಜ್ಜಿಯ ಕಟ್ಟೆಯ ಮೇಲೆ ಕೂತುಬಿಟ್ಟೆ.

ಆಯಿ ಎಲ್ಲ ಕೇಳಿ, "ಇಷ್ಟಕ್ಕ ಅಳ್ತಾರೇನ ಯವ್ವಾ? ಹೋಳಗಿ ಅಡಗಿ ಮಾಡೂಣು. ಅಷ್ಟು ದೊಡ್ಡ ಅಡಗಿ ಮಾಡಿದ್ರ ಕಸಾನೂ ಬರ್ತದಲ್ಲ" ಎಂದಳು.

ನನ್ನ ನೌಕರಿ ಉಳಿಸಲು ಐದು ಮನೆಯ ಹೆಂಗಸರು ಸೇರಿ ಕಸ ಮಾಡಲು ಒಲೆ ಹಚ್ಚಿದರು. ಆದರೆ ಕೈಗಳು ಮಾತು ಕೇಳಬೇಕಲ್ಲ! ಬೇಳೆ ಬಸಿದ ನೀರನ್ನು ನಾನು ಬುಟ್ಟಿಯ ಪಕ್ಕ ಇಟ್ಟು ತಿರುಗುವಷ್ಟರಲ್ಲಿ ಒಬ್ಬಳು ಅದಕ್ಕೆ ಹುಣಸೆಹಣ್ಣು, ಮಸಾಲೆ ಹಾಕಿ ಕಟ್ಟಿನ ಸಾರು ಕುದಿಸಿದ್ದಳು. "ಅಯ್ಯ, ಮರ್ತೆ ನೋಡ್ರಿ ಅಕ್ಕೋರ" ಎಂದು ನಾಲಗೆ ಕಚ್ಚಿಕೊಂಡಳು. ಸೌತೆಕಾಯಿ ಸಿಪ್ಪೆಯನ್ನು ಇನ್ನೊಬ್ಬಳು ಆಡಿಗೆ ತಿನ್ನಿಸಿ ಬಂದಿದ್ದಳು. ಮಧ್ಯಾಹ್ನದ ಹೊತ್ತಿಗೆ ಮನೆ ತುಂಬ ಊಟ, ಬುಟ್ಟಿ ಮಾತ್ರ ಖಾಲಿ.

ಅಷ್ಟರಲ್ಲಿ ಜೀಪು ಬಂತು. ಹಸಿದ ಸಾಹೇಬರು ಮೊದಲು ಊಟಕ್ಕೇ ಕೂತರು. ನಮಗೆ ಉಳಿದ ಆಸೆ ಅವರು ಎಲೆಯಲ್ಲಿ ಬಿಡುವ ಎಂಜಲೊಂದೇ. ನಾವೆಲ್ಲ ಬಾಗಿಲ ಹಿಂದೆ ನಿಂತು ಅವರ ಕೈಯನ್ನೇ ನೋಡುತ್ತಿದ್ದೆವು. ಎರಡು ಹೋಳಿಗೆ ಹೋಯಿತು, ಮೂರನೆಯದೂ ಹೋಯಿತು. ಸಾರನ್ನು ಬೊಗಸೆಯಲ್ಲಿ ಹಾಕಿಸಿಕೊಂಡು ಸೊರ್ರನೆ ಕುಡಿದರು. ಕೊನೆಯ ತುಣುಕಿಗೆ ಕೈ ಹಾಕಿದಾಗ ಆಯಿಗೆ ತಡೆಯಲಾಗಲಿಲ್ಲ. ಬಂದವರಿಗೆ ಇನ್ನೊಂದು ಹಾಕಿಸಿಕೊಳ್ಳಿರೆಂದು ಜೀವಮಾನವಿಡೀ ಒತ್ತಾಯ ಮಾಡಿದ ಆಯಿ ಅವತ್ತು ಓಡಿ ಬಂದು ಕೈ ಅಡ್ಡ ಹಿಡಿದಳು.

"ಸಾಹೇಬ್ರ, ಅಷ್ಟಾದ್ರೂ ಬಿಡ್ರಿ! ಇಲ್ಲಾಂದ್ರ ನಮ್ಮ ಅಕ್ಕೋರ ನೌಕ್ರಿ ಹೋಗ್ತದ!"

ಸಾಹೇಬರು ತುಣುಕು ಹಿಡಿದೇ ಕೂತರು. ನಾನು ಇದ್ದದ್ದು ಇದ್ದಂತೆ ಹೇಳಿದೆ, ಕಸ ಸಿಗಲಿಲ್ಲ ಎಂದು. ಅವರು ಖಾಲಿ ಬುಟ್ಟಿ ನೋಡಿದರು, ಚಟ್ನಿ ನೋಡಿದರು, ಸಾರಿನ ಪಾತ್ರೆ ನೋಡಿದರು. ಅವರ ಮುಖ ಅರಳಿತು.

"ಏನಮ್ಮಾ ಇದು! ಎರಡೇ ವರ್ಷದಲ್ಲಿ ಇಡೀ ಊರಿಗೆ ಇಷ್ಟು ಕಲಿಸಿದ್ದೀರಾ? ನಿಮ್ಮನ್ನ ಖಾಯಂ ಮಾಡೋದಕ್ಕೆ ಇವತ್ತೇ ಬರೀತೀನಿ."

"ಸರ್, ಇದು ನಾನು ಕಲಿಸಿದ್ದಲ್ಲ..." ಎಂದು ಬಾಯಿ ತೆರೆದೆ. ತೆರೆದ ಬಾಯಿಗೆ ಆಯಿ ಅರ್ಧ ಹೋಳಿಗೆ ತುರುಕಿದಳು. ಹಿಂದಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ಹಲ್ಲು ಮೂಡುವ ಮೊದಲಿಂದಲೂ ಆ ಸಾರನ್ನೇ ಉಂಡು ಎಂಬತ್ತು ದಾಟಿದ ಆಯಿ, ಕಣ್ಣು ಕೂಡ ಮಿಟುಕಿಸದೆ ಸಾಹೇಬರಿಗೆ ಕೈ ಮುಗಿದಳು.

"ಹೌದ್ರಿ ಸಾಹೇಬ್ರ, ಕಟ್ಟಿನ ಸಾರು ಅಂದ್ರ ಏನಂತ ನಮಗ ಗೊತ್ತಾಗಿದ್ದೇ ಈ ಅಕ್ಕೋರು ಬಂದ ಮ್ಯಾಲ!"