ಓದಿದ್ದೆಷ್ಟು, ಕೇಳಿದ್ದೆಷ್ಟು

ಕೆಲವರಿಗೆ ಓದುವ ಹುಚ್ಚು, ಕೆಲವರಿಗೆ ಪುಸ್ತಕ ಕೊಳ್ಳುವ ಹುಚ್ಚು. ನನಗಿರುವುದು ಇವೆರಡೂ ಅಲ್ಲ, ಓದಿದ್ದನ್ನು ಬರೆದಿಡುವ ಹುಚ್ಚು. ಸೇಡಂನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತ ವರ್ಷಗಟ್ಟಲೆ ಹಾಜರಿ ಪುಸ್ತಕ ತುಂಬಿಸಿದ ಕೈ ನೋಡಿ, ಖಾಲಿ ಅಂಕಣ ಕಂಡರೆ ಸುಮ್ಮನಿರುವುದಿಲ್ಲ. ಹೋದ ವರ್ಷದ ಮೊದಲ ದಿನವೇ ದಪ್ಪನೆಯ ನೋಟ್‌ಬುಕ್ ತಂದು, ಗೆರೆ ಹೊಡೆದು, ಕ್ರಮಸಂಖ್ಯೆ, ಪುಸ್ತಕದ ಹೆಸರು, ಪುಟ, ಮುಗಿಸಿದ ದಿನ, ಷರಾ ಎಂದು ಬರೆದೆ. ವಾರಕ್ಕೊಂದರಂತೆ ವರ್ಷಕ್ಕೆ ಐವತ್ತೆರಡು ಪುಸ್ತಕ. ಎರಡು ತಿಂಗಳು ಚೆಂದ ನಡೆಯಿತು. ಪರೀಕ್ಷೆಯ ಪೇಪರುಗಳು ಬಂದವು ನೋಡಿ, ಹಿಂದೆ ಬಿದ್ದೆ. ಅಲ್ಲಿಂದ ಗ್ರಂಥಾಲಯದಲ್ಲಿ ಲೇಖಕರ ಹೆಸರು ನೋಡುವುದನ್ನು ಬಿಟ್ಟು ಪುಸ್ತಕದ ದಪ್ಪ ನೋಡತೊಡಗಿದೆ. ಉಪ್ಪಿನಕಾಯಿ ಹಾಕುವ ವಿಧಾನ ಹೇಳುವ ಮೂವತ್ತೆರಡು ಪುಟದ ಪುಸ್ತಕಕ್ಕೂ ಒಂದು ಕ್ರಮಸಂಖ್ಯೆ ಸಿಕ್ಕಿತು. ಉಪ್ಪಿನಕಾಯಿ ಮಾತ್ರ ಹಾಕಲಿಲ್ಲ.

ನಮ್ಮ ಮನೆಯವರ ರೀತಿಯೇ ಬೇರೆ. ವಾಡಿಯ ಕಡೆ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್. ದಿನಾ ಸೇಡಂನಲ್ಲಿ ರೈಲು ಹತ್ತಿದ ಕೂಡಲೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಕಾದಂಬರಿ ಕೇಳುತ್ತಾರೆ. ಲೆಕ್ಕವಿಲ್ಲ, ಗಡಿಬಿಡಿಯಿಲ್ಲ. ಹಿಡಿಸಿದ ಅಧ್ಯಾಯವನ್ನು ಮರಳಿ ಕೇಳುತ್ತಾರೆ. ಅಷ್ಟರಲ್ಲಿ ಇನ್ನೊಂದು ಪುಸ್ತಕ ಮುಗಿಯುತ್ತಿತ್ತಲ್ಲ ಎಂದು ನನ್ನ ಹೊಟ್ಟೆ ಉರಿಯುತ್ತಿತ್ತು. ಒಮ್ಮೆ, “ನಂದೂ ಒಂದು ಮುಗೀತು ನೋಡು, ನಿನ್ನ ವಹಿದಾಗ ಬರಕೋ” ಅಂದರು. “ಕೇಳಿದ್ದು ಓದಿದ್ದಂಗ ಹ್ಯಾಂಗ ಆಗ್ತದರಿ? ಅದು ಲೆಕ್ಕಕ್ಕ ಬರಲ್ಲ” ಎಂದು ಕೆಂಪು ಶಾಯಿಯ ಗತ್ತಿನಲ್ಲಿ ಹೇಳಿದೆ. ಅವರು ನಕ್ಕು ಮತ್ತೆ ಇಯರ್‌ಫೋನ್ ಸಿಕ್ಕಿಸಿಕೊಂಡರು.

ಆ ಮಳೆಗಾಲದಲ್ಲಿ ಒಂದು ದಿನ ಅವರು ವಾಡಿಯಲ್ಲಿ ಇಳಿಯದೆ ಶಹಾಬಾದಿಗೆ ಹೋಗಿಬಿಟ್ಟಿದ್ದರು. ಅರ್ಧ ದಿನದ ರಜೆ ಹಾಳು.

“ನಿದ್ದಿ ಹತ್ತಿತ್ತೇನ್ರಿ?” ಎಂದೆ.

“ಇಲ್ಲ, ವಾಡಿ ಬಂದಿದ್ದೂ ನೋಡೀನಿ. ಕಥಿದಾಗ ಅಕ್ಕ ತಂಗಿ ಮಾತಾಡ್ತಾರೋ ಇಲ್ಲೋ ಅನ್ನೋ ಜಾಗಾ ಬಂದಿತ್ತು. ಹ್ಯಾಂಗ ಇಳೀಲಿ?”

“ಇಳದು ನಡ್ಕೋತ ಕೇಳಬಾರದಿತ್ತೇನು?”

“ಅಂಥ ಮಾತು ನಡ್ಕೋತ ಕೇಳೂದಲ್ಲ” ಎಂದರು, ಭಾಳ ಗಂಭೀರವಾಗಿ.

ಡಿಸೆಂಬರಿನಲ್ಲಿ ನನ್ನ ಗೆಳತಿ ನಸೀಮಾ ಬಂದಳು. ಟ್ರೇನಿಂಗ್ ಕಾಲೇಜಿನಿಂದ ಜೊತೆಯವಳು, ಈಗ ಚಂದಾಪುರದಲ್ಲಿ ಟೀಚರು. ಚಿತ್ತಾಪುರದಲ್ಲಿರುವ, ತಾನು ಆಪಾ ಎಂದು ಕರೆಯುವ ಅಕ್ಕನೊಡನೆ ಏನೋ ಮಾತಿಗೆ ಮಾತು ಬೆಳೆದು ನಾಲ್ಕು ವರ್ಷಗಳಿಂದ ಮಾತಿಲ್ಲ. ಆ ವಿಷಯ ತೆಗೆದರೆ ಎದ್ದು ಹೋಗುತ್ತಾಳೆಂದು ನಾನು ತೆಗೆಯುವುದಿಲ್ಲ. ಅವಳಿಗೆ ನನ್ನ ನೋಟ್‌ಬುಕ್ ತೋರಿಸಿದೆ. ಐವತ್ತೊಂದು ಪುಸ್ತಕ! ಅವಳು ಒಂದೊಂದೇ ಹೆಸರು ನೋಡುತ್ತ ಒಂದರ ಮೇಲೆ ಬೆರಳಿಟ್ಟು, “ಇದ್ರಾಗ ಏನ್ ಕಥಿ ಅದ, ಹೇಳು” ಎಂದಳು. ಷರಾದ ಅಂಕಣ ನೋಡಿದೆ. “ಚೆನ್ನಾಗಿದೆ” ಎಂದಿತ್ತು. ಇನ್ನೂರ ಹನ್ನೆರಡು ಪುಟ ಓದಿದ್ದೆ, ನಿಜ. ಆದರೆ ತಲೆಯಲ್ಲಿ ಒಂದು ಸಾಲೂ ಇಲ್ಲ.

ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದ ನಮ್ಮ ಮನೆಯವರು ಈಳಿಗೆ ಬಿಟ್ಟು ಹೊರಗೆ ಬಂದರು. “ಅದನ್ನ ನಾ ಕೇಳೀನ್ರಿ” ಎಂದು ನಸೀಮಾಳಿಗೆ ಹೇಳತೊಡಗಿದರು. “ಅಕ್ಕ ತಂಗಿ ಇಬ್ಬರ ಮನಿಗೂ ಒಂದೇ ಗ್ವಾಡಿ. ಹನ್ನೆರಡು ವರ್ಷ ಮಾತಿಲ್ಲ. ಅಕ್ಕಗ ಜಡ್ಡು ಬಂತು. ತಂಗಿ ದಿನಾ ಗ್ವಾಡಿ ಮ್ಯಾಲ ಸಾರಿನ ಬಟ್ಟಲ ಇಟ್ಟು, ತಿರುಗಿ ನೋಡಲಾರದೇ ಹೋಗ್ತಾಳ. ಅಕ್ಕ ಉಂಡು, ಬಟ್ಟಲ ತೊಳದು ಅಲ್ಲೇ ಇಡ್ತಾಳ. ಹಿಂಗೇ ಒಂದು ತಿಂಗಳು. ಕಡೀಗಿ ಒಂದಿನ ಅಕ್ಕ ಗ್ವಾಡಿ ಹಿಡ್ಕೊಂಡು ನಿಂತು, ‘ಉಪ್ಪು ಕಮ್ಮಿ ಆಗ್ಯಾದ’ ಅಂದ್ಳು. ಹನ್ನೆರಡು ವರ್ಷದಾಗ ಮೊದಲ ಮಾತು ಅದು!”

ಇಷ್ಟು ಹೇಳಿ ಅವರು ಕಣ್ಣೊರೆಸಿಕೊಂಡರು. ಉಳ್ಳಾಗಡ್ಡಿ ಇರಬಹುದು. ನಸೀಮಾ ಉಳ್ಳಾಗಡ್ಡಿ ಮುಟ್ಟಿರಲೇ ಇಲ್ಲ, ಅವಳೂ ಒರೆಸಿಕೊಂಡಳು. ಶಹಾಬಾದಿಗೆ ಹೋದ ದಿನ ಅವರನ್ನು ಕೆಣಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ನಾಲ್ಕು ದಿನ ಬಿಟ್ಟು ನಸೀಮಾ ಫೋನ್ ಮಾಡಿದಳು. “ಚಿತ್ತಾಪುರಕ್ಕ ಬಂದೀನಿ. ಆಪಾ ಬಿರಿಯಾನಿ ಮಾಡಾಕತ್ತಾಳ. ನಿಮ್ಮ ಮನಿಯವರಿಗಿ ನನ್ನ ಸಲಾಂ ಹೇಳು.” ನನ್ನ ಐವತ್ತೊಂದು ಪುಸ್ತಕಗಳು ಒಬ್ಬರನ್ನೂ ಎಲ್ಲಿಗೂ ಕಳಿಸಿರಲಿಲ್ಲ. ನನ್ನ ಗಂಡ ಕಿವಿಯಿಂದ ಓದಿದ ಒಂದು ಪುಸ್ತಕ ಈ ಕೆಲಸ ಮಾಡಿತ್ತು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರನ್ನು ಹೊಸದಾಗಿ ನೋಡಿದೆ.

ಹಾಗಾಗಿ ವರ್ಷದ ಕೊನೆಯ ಭಾನುವಾರ ಚಿಂಚೋಳಿಗೆ ಹೊರಟಾಗ ನಾನೂ ಅವರ ಇಯರ್‌ಫೋನ್ ಕೇಳಿ ಪಡೆದು, ಒಂದು ಸಣ್ಣ ಪುಸ್ತಕ ಹಚ್ಚಿಕೊಂಡು ಬಸ್ಸಿನ ಕಿಟಕಿಗೆ ಒರಗಿದೆ. ಕಥೆಯಲ್ಲಿ ಯಾರೋ ಒಬ್ಬರು ಬಾಗಿಲು ತೆರೆದರು, ಅಷ್ಟು ನೆನಪಿದೆ. ಆಮೇಲೆ ಕಂಡಕ್ಟರ್, “ಏಳ್ರಿ ಅಕ್ಕೋರ, ಚಿಂಚೋಳಿ ಬಂತು” ಎಂದು ಎಬ್ಬಿಸಿದ. ಮೊಬೈಲ್ ನೋಡಿದರೆ ಪುಸ್ತಕ ಪೂರ್ತಿ ಮುಗಿದಿದೆ ಎಂದು ತೋರಿಸುತ್ತಿತ್ತು. ಯಂತ್ರ ಸುಳ್ಳು ಹೇಳುತ್ತದೆಯೇ? ಮನೆಗೆ ಬಂದವಳೇ ಐವತ್ತೆರಡು ಎಂದು ಬರೆದೆ.

“ಹ್ಯಾಂಗಿತ್ತು?” ಎಂದು ಅವರು ಆಸೆಯಿಂದ ಕೇಳಿದರು.

“ನೀವೂ ಒಮ್ಮೆ ಕೇಳ್ರಿ. ಕೇಳಿ ನನಗೂ ಹೇಳ್ರಿ” ಎಂದೆ.

ಅವರಿಗೆ ಎಲ್ಲ ತಿಳಿಯಿತು. ಎರಡು ದಿನ ರೈಲಿನಲ್ಲಿ ಕೇಳಿ, ನಾನು ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕುಳಿತು ಪೂರ್ತಿ ಹೇಳಿದರು. ಭಾಳ ಚೆಂದದ ಕಥೆ. ಒಂದು ಸಲ ಬಸ್ಸಿನಲ್ಲಿ, ಒಂದು ಸಲ ಒಲೆಯ ಮುಂದೆ ಆಯಿತಲ್ಲ, ಅದಕ್ಕೆ ಎರಡು ಕ್ರಮಸಂಖ್ಯೆ ಕೊಡಬಹುದೋ ಏನೋ ಎಂದು ಇನ್ನೂ ಯೋಚಿಸುತ್ತಿದ್ದೇನೆ.