ಇಪ್ಪತ್ತನಾಲ್ಕನೇ ನಂಬರಿನ ದರ್ಶನ

ನಮ್ಮ ಮನೆತನದಲ್ಲಿ ಒಬ್ಬರೂ ಇಂಜಿನಿಯರ್ ಇಲ್ಲ ಎಂಬ ಮಾತನ್ನು ಅಳಿಸಿಯೇ ತೀರುತ್ತೇನೆ ಎಂದು ನಾನು ಪಣ ತೊಟ್ಟೆ! ನಿಡಸೋಸಿಯ ಇಂಜಿನಿಯರಿಂಗ್ ಕಾಲೇಜಿನ ಮುಂದೆ ಬಸ್ಸಿನಲ್ಲಿ ಹಾದುಹೋಗಿದ್ದು ಬಿಟ್ಟರೆ ಆ ವಿದ್ಯೆಗೂ ನನಗೂ ಸಂಬಂಧವಿಲ್ಲ. ಅದರಿಂದೇನು? ಹಿಟ್ಟಿನ ಡಬ್ಬಿಗೆ ಮೊಬೈಲ್ ಒರಗಿಸಿಟ್ಟು, ರೊಟ್ಟಿ ಬಡಿಯುತ್ತಾ, ವೈಫೈ ಕಲಿಸುವ ವಿಡಿಯೋಗಳನ್ನೆಲ್ಲ ಕೇಳಿದವಳು ನಾನು. ಕೇಳುವ ಸಹನೆ ನನಗೆ ದೇವರು ಕೊಟ್ಟದ್ದು. ಬಸದಿಯ ಪ್ರವಚನವನ್ನೂ ಅತ್ತೆಯವರ ಮೊಣಕಾಲುನೋವಿನ ಕಥೆಯನ್ನೂ ಒಂದೇ ಶ್ರದ್ಧೆಯಿಂದ ಕೇಳುತ್ತೇನೆ.

ಕಲಿತ ವಿದ್ಯೆಯಿಂದ ಹುಕ್ಕೇರಿಯ ನಮ್ಮ ಮನೆಗೆ ನಾನೇ ಕ್ಯಾಮರಾ ಕೂರಿಸಿದೆ. ಪ್ರತಿ ಯಂತ್ರಕ್ಕೂ ವೈಫೈಯೊಳಗೆ ಒಂದು ನಂಬರ್ ಇರುತ್ತದೆ. ಮೊಬೈಲಿನಲ್ಲೋ ಟಿವಿಯಲ್ಲೋ ಆ ನಂಬರ್ ಒತ್ತಿದರೆ ಆ ಯಂತ್ರ ತೆರೆದುಕೊಳ್ಳುತ್ತದೆ. 192.168.1 ತನಕ ಅದಾಗಿಯೇ ಬಂದಿತ್ತು. ಕೊನೆಯ ಅಂಕಿ ನಮ್ಮ ಇಷ್ಟ. ಇಷ್ಟವೆಂದ ಮೇಲೆ ಕೇಳಬೇಕೆ? ತೀರ್ಥಂಕರರು ಇಪ್ಪತ್ತನಾಲ್ಕು ಮಂದಿ. ನಮಸ್ಕಾರ ಮಾಡಿ 24 ಎಂದು ಒತ್ತಿದೆ.

ನನ್ನ ಕೀರ್ತಿ ಹಬ್ಬಿತು. ಗೋಕಾಕದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುವ ಮೈದುನ ವೃಷಭ ತನ್ನ ಪ್ರಿಂಟರ್ ಕೂರಿಸಲು ಕರೆದ. ಅದಕ್ಕೂ 24! ಮೂಡಲಗಿಯ ನಾದಿನಿ ರೂಪಾಲಿ ಎಮ್ಮೆಯ ಕೊಟ್ಟಿಗೆಗೆ ಕ್ಯಾಮರಾ ಹಾಕಿಸಿಕೊಂಡಳು. ಅದಕ್ಕೂ 24! ಭಕ್ತಿಯಲ್ಲಿ ಭೇದ ಮಾಡಬಾರದಲ್ಲ!

ಹೀಗಿರುವಾಗ ನಮ್ಮೂರ ಬಸದಿಗೆ ಒಬ್ಬ ಮುನಿ ಮಹಾರಾಜರು ಬಂದರು. ದಿಗಂಬರ ಮುನಿಗಳು ದಿನಕ್ಕೆ ಒಂದೇ ಹೊತ್ತು, ನಿಂತುಕೊಂಡು, ಬೊಗಸೆಯಲ್ಲಿ ಆಹಾರ ಸ್ವೀಕರಿಸುತ್ತಾರೆ. ಯಾರ ಮನೆ ಎಂಬುದು ಮೊದಲೇ ಗೊತ್ತಿರುವುದಿಲ್ಲ. ಕೈಯಲ್ಲಿ ಕಳಸವೋ ತೆಂಗಿನಕಾಯಿಯೋ ಹಿಡಿದು ಎಲ್ಲರೂ ತಮ್ಮ ತಮ್ಮ ಬಾಗಿಲಲ್ಲಿ ನಿಂತು ಕರೆಯಬೇಕು. ಅವರು ಮನಸ್ಸಿನಲ್ಲಿ ನೆನೆದ ಗುರುತು ಯಾವ ಬಾಗಿಲಲ್ಲಿ ಕಾಣುತ್ತದೋ ಅಲ್ಲಿ ನಿಲ್ಲುತ್ತಾರೆ. ನನ್ನ ಅತ್ತೆ ಜಿನ್ನವ್ವ ಮದುವೆಯಾಗಿ ಬಂದಾಗಿನಿಂದ ಹಾಗೆ ನಿಂತಿದ್ದಾರೆ. ಒಮ್ಮೆಯೂ ನಮ್ಮ ಬಾಗಿಲಲ್ಲಿ ಯಾವ ಮಹಾರಾಜರೂ ನಿಂತಿಲ್ಲ. ಈಗ ನೋಡಿದರೆ ಅತ್ತೆ ಸೊಂಟದ ಎಲುಬು ಮುರಿದುಕೊಂಡು ಮೂಡಲಗಿಯಲ್ಲಿ ಮಗಳ ಮನೆಯ ಮಂಚದ ಮೇಲಿದ್ದರು.

"ನಾ ಇಲ್ಲದಾಗ ಬಂದ್ರ ಏನ್ ಮಾಡ್ಲಿ ಯವ್ವಾ?" ಎಂದು ಫೋನಿನಲ್ಲಿ ಅತ್ತರು. "ನನ್ನ ಮನ್ಯಾಗ ಮಹಾರಾಜರ ಆಹಾರ ಆಗೂದು ಒಂದ ಸಲ ಕಣ್ಣಿಲೆ ನೋಡಿದ್ರ ಸಾಕಾಗಿತ್ತು."

"ಮಂಚದ ಮ್ಯಾಲ ಮಲಕೊಂಡ ನೋಡ್ತೀರಿ ಅತ್ತಿ. ಅದರ ಜವಾಬ್ದಾರಿ ನಂದು!" ಎಂದುಬಿಟ್ಟೆ.

ನಮ್ಮ ಮನೆಯವರು ತಲೆ ಕೆರೆದುಕೊಂಡರು. "ವಿಡಿಯೋ ಕಾಲ್ ಮಾಡಿದ್ರ ಆಗೂದಿಲ್ಲೇನ?"

"ಏನ್ರಿ ನೀವು! ಮಡಿ ಉಟ್ಟು ಮೊಬೈಲ್ ಮುಟ್ಟಾಕ ಬರತೈತೇನ್ರಿ? ಮ್ಯಾಲಾಗಿ ವಿಡಿಯೋ ಕಾಲ್ ಯಾರ ಬೇಕಾದ್ರೂ ಮಾಡ್ತಾರ. ನಂದು ನೆಟ್‌ವರ್ಕಿಂಗ್! ನಂಬರ್ ಒತ್ತೂದು, ದರ್ಶನ ಮಾಡೂದು."

"ಮೂಡಲಗಿಯಾಗೂ ಕಾಣತೈತೇನ ಅದು?"

"ಪಂಚಮಿಗೆ ಬಂದಾಗ ರೂಪಾಲಿ ತನ್ನ ಮೊಬೈಲ್‌ನ್ಯಾಗ ನೋಡ್ಯಾಳ. ವೃಷಭನೂ ನೋಡ್ಯಾನ."

"ಅವರು ನಮ್ಮ ಪಡಸಾಲ್ಯಾಗ ಕುಂತ ನೋಡಿದ್ರಲ್ಲ!"

"ಎಲ್ಲಿ ಕುಂತ್ರ ಏನ್ರಿ? ನಂಬರ್ ಅದ ಅಲ್ಲ?"

ಇಂಥ ಅಜ್ಞಾನಿಗಳೊಂದಿಗೆ ವಾದವೇಕೆಂದು, ಕ್ಯಾಮರಾವನ್ನು ಅಡುಗೆಮನೆಯ ಗೋಡೆಗೆ ಸಾಗಿಸಿ, ಮನೆತನದ ವಾಟ್ಸಾಪ್ ಗುಂಪಿಗೆ ಘೋಷಣೆ ಕಳಿಸಿದೆ: "192.168.1.24 ಒತ್ತಿರಿ, ದರ್ಶನ ಪಡೆಯಿರಿ, ಪುಣ್ಯ ಕಟ್ಟಿಕೊಳ್ಳಿರಿ!"

ಮರುದಿನ ಮುಂಜಾನೆ ಮನೆಯನ್ನೆಲ್ಲ ತೊಳೆದು, ಅಡುಗೆಮನೆಯ ಸುತ್ತ ಮಾವಿನ ತೋರಣ ಕಟ್ಟಿ, ಮಡಿ ಉಟ್ಟು, ಮೊಬೈಲನ್ನು ಕಿಟಕಿಯ ಹೊರಗಟ್ಟೆಯ ಮೇಲಿಟ್ಟು ಬಾಗಿಲಿಗೆ ಬಂದು ನಿಂತೆವು. ಮಹಾರಾಜರು ಬೀದಿಯ ತುದಿಯಲ್ಲಿ ಕಾಣಿಸಿದರು. "ನಮೋಸ್ತು, ನಮೋಸ್ತು! ಅತ್ರ ಅತ್ರ, ತಿಷ್ಠ ತಿಷ್ಠ!" ಎಂದು, ಇಲ್ಲೇ ನಿಲ್ಲಬೇಕೆಂದು ನಾವು ಕರೆಯುವುದಕ್ಕೂ ಅವರು ನಮ್ಮ ಬಾಗಿಲ ಮುಂದೆ ನಿಲ್ಲುವುದಕ್ಕೂ ಸರಿಹೋಯಿತು. ನಿಂತೇ ನಿಂತರು! ನನ್ನ ಕಣ್ಣುಗಳು ತುಂಬಿ ಬಂದವು. ಅತ್ತೆಯವರು ನೋಡುತ್ತಿದ್ದಾರೆ ಎಂಬ ಸಂತೋಷಕ್ಕೆ ಇನ್ನಷ್ಟು ತುಂಬಿದವು.

ಒಳಗೆ ಆಹಾರ ಶುರುವಾಯಿತು. ಮಹಾರಾಜರದು ಮೌನ. ನಮ್ಮ ಮನೆಯವರು ಬೊಗಸೆಗೆ ನೀರು ಹಾಕುತ್ತಿದ್ದರು. ಆಗ ಕಿಟಕಿಯ ಹೊರಗೆ ನನ್ನ ಮೊಬೈಲ್ ಹೊಡೆದುಕೊಳ್ಳತೊಡಗಿತು. ಮುಟ್ಟುವಂತಿಲ್ಲ! ನಮ್ಮ ಮನೆಯವರು ನನ್ನತ್ತ ಒಂದು ನೋಟ ಬಿಟ್ಟರು. ಅಹಿಂಸೆಯ ಮನೆಯಲ್ಲಿ ಅಂಥ ನೋಟ ಇರಬಾರದು!

ದರ್ಶನಕ್ಕೆಂದು ಕಿಟಕಿಯ ಹೊರಗೆ ನಿಂತಿದ್ದ ನೆರೆಮನೆಯ ಲಗಮವ್ವ ಫೋನ್ ಎತ್ತಿದಳು. ಫೋನಿನೊಳಗಿನಿಂದ ವೃಷಭನ ಕಂಠ ಓಣಿಗೆಲ್ಲ ಕೇಳುವಂತೆ ಸಿಡಿಯಿತು.

"ವೈನಿ, ಕಾಗದ ಮುಗದೈತಿ ಅಂತ ತೋರಸಾಕತ್ತೈತಿ! ಹಾಕಲೇನ?"

"ಯಾವ ಕಾಗದೋ ತಮ್ಮಾ? ನಾ ಲಗಮವ್ವ," ಎಂದು ಅವಳು ಪಿಸುಗುಟ್ಟಿದಳು. "ಇಲ್ಲಿ ಮಹಾರಾಜರ ಆಹಾರ ನಡದೈತಿ."

"ಅದು ಗೊತ್ತೈತ್ರಿ! ಅದನ್ನ ನೋಡಾಕ ಕಾಗದ ಹಾಕಬೇಕೇನ ಅಂತ ಕೇಳಾಕತ್ತೇನಿ!"

ನಾನು ಅನ್ನದ ತಾಟು ಹಿಡಿದೇ ಲೆಕ್ಕ ಹಾಕಿದೆ. 24 ಒತ್ತಿದರೆ ಗೋಕಾಕದಲ್ಲಿ ಪ್ರಿಂಟರ್ ಏಕೆ ತೆರೆದುಕೊಳ್ಳಬೇಕು? ಹಾಗಾದರೆ ಮೂಡಲಗಿಯಲ್ಲಿ... ಸ್ವಾಮೀ, ಬೇಡ! ಎಂದುಕೊಳ್ಳುವಷ್ಟರಲ್ಲಿ ಮತ್ತೆ ಫೋನ್. ಲಗಮವ್ವ ಎತ್ತಿ ಕಿವಿಗೆ ಹಿಡಿದು ತನ್ನ ಹೆಸರು ಹೇಳಿದಳು. ಈ ಸಲ ರೂಪಾಲಿಯ ದನಿ.

"ಲಗಮವ್ವ ಕಾಕು, ವೈನಿಗೆ ಹೇಳ್ರಿ, ಟಿವ್ಯಾಗ ನಮ್ಮ ಎಮ್ಮಿ ಕಾಣಾಕತ್ತಾವ! ಅವ್ವ ಮಲಕೊಂಡಲ್ಲೇ ಕೈ ಮುಗ್ಯಾಕತ್ತಾಳ!"

"ಅಯ್ಯ, ಇಲ್ಲಿ ಯಾವ ಎಮ್ಮೀನೂ ಇಲ್ಲಲ್ಲವಾ!"

ಹಿಂದಿನಿಂದ ಅತ್ತೆಯವರ ದನಿ ಕೇಳಿತು. "ಏ ರೂಪಾಲಿ, ಟಿವಿ ಬಂದ್ ಮಾಡಬ್ಯಾಡ! ನನ್ನ ಸೊಸಿ ಹೇಳ್ಯಾಳ ಅಂದ್ರ ಮಹಾರಾಜರು ಬಂದ ಬರತಾರ. ಎಮ್ಮಿ ಮುಂದ ಬಂದಾವ, ಅವರು ಹಿಂದಿಂದ ಬರತಿದ್ದಾರು!"

ಭೂಮಿ ಬಾಯಿಬಿಡಲಿಲ್ಲ. ನಾನು ಬೊಗಸೆಗೆ ತುತ್ತು ಇಡುತ್ತಲೇ ಇದ್ದೆ. ಮಹಾರಾಜರ ಹುಬ್ಬು ಕೂಡ ಅಲುಗಲಿಲ್ಲ. ಸಂಯಮವೆಂದರೆ ಅದು! ಲಗಮವ್ವ "ಇರ್ರಿ, ನಾ ಒಂದೀಟ ಕೈ ಮುಗೀತೇನಿ" ಎಂದು ಮೊಬೈಲನ್ನು ಕಿಟಕಿಯಲ್ಲಿದ್ದ ತಂಬಿಗೆಗೆ ಒರಗಿಸಿ ಇಟ್ಟಳು. ಆಮೇಲೆ ಸದ್ದಿಲ್ಲ. ಆಹಾರ ನಿರ್ವಿಘ್ನವಾಗಿ ಮುಗಿಯಿತು. ಮಹಾರಾಜರು ಆಶೀರ್ವದಿಸಿ ಬಸದಿಗೆ ಹೊರಟರು.

ನಾನು ಪಡಸಾಲೆಯಲ್ಲಿ ಕುಸಿದು ಕುಳಿತು ಆ ಹಳೆಯ ವಿಡಿಯೋ ತೆರೆದೆ. ಪೂರ್ತಿ ಕೇಳಿದ್ದೆ ಎಂದುಕೊಂಡಿದ್ದೆನಲ್ಲ, ಕೊನೆಯ ಭಾಗ ಬರುವಾಗ ಒಲೆಯ ಮೇಲೆ ಹಾಲು ಉಕ್ಕಿತ್ತು, ಎದ್ದು ಹೋಗಿದ್ದೆ. ಈಗ ಆ ಭಾಗದಲ್ಲಿ ಕಲಿಸುವಾತ ಶಾಂತವಾಗಿ ಹೇಳುತ್ತಿದ್ದ: 192.168 ಎಂದು ಶುರುವಾಗುವ ವಿಳಾಸಗಳು ಖಾಸಗಿ. ಜಗತ್ತಿನ ಯಾವ ಮನೆಯವರಾದರೂ ಇಟ್ಟುಕೊಳ್ಳಬಹುದು, ಆದರೆ ಅವು ಆ ಮನೆಯ ಹೊಸ್ತಿಲು ದಾಟುವುದಿಲ್ಲ.

"ಅಂದ್ರ 'ಅವ್ವಾ' ಅಂತ ಕರದಂಗ," ಎಂದರು ನಮ್ಮ ಮನೆಯವರು. "ಮೂಡಲಗಿಯಾಗ ನಿಂತ ಕರದ್ರ ಮೂಡಲಗಿ ಅವ್ವ ಬರತಾಳ. ಹುಕ್ಕೇರಿ ಅವ್ವ ಎಲ್ಲಿಂದ ಬರಬೇಕ?"

"ಈಗ ತಿಳೀತೇನ್ರಿ ನಿಮಗ?" ಎಂದೆ.

"ನನಗ ನಿನ್ನೇನ ತಿಳದಿತ್ತು!"

ಅಳುತ್ತಲೇ ಮೂಡಲಗಿಗೆ ಫೋನ್ ಹಚ್ಚಿದೆ. "ಅತ್ತಿ, ನನ್ನ ತಪ್ಪು ಹೊಟ್ಟ್ಯಾಗ ಹಾಕ್ಕೋರಿ. ನಿಮ್ಮ ಆಸೆ..."

"ಅಳತೀ ಯಾಕ ಯವ್ವಾ? ಕಂಡ್ರಲ್ಲ ಮಹಾರಾಜರು!"

ನನ್ನ ಕಣ್ಣೀರು ಅಲ್ಲಿಯೇ ಒಣಗಿತು. ಎದೆ ಉಬ್ಬಿತು. "ಕಂಡ್ರ? 24ರಾಗ ಕಂಡ್ರ? ಕೇಳಾಕತ್ತೀರೇನ್ರಿ!" ಎಂದು ನಮ್ಮ ಮನೆಯವರಿಗೆ ಸನ್ನೆ ಮಾಡಿದೆ.

"24ರಾಗ ಎಮ್ಮಿ ಕಂಡ್ವು. ರೂಪಾಲಿ ಮಾಡಿದ್ದು ವಿಡಿಯೋ ಕಾಲ್. ಮೊದಲ ಲಗಮವ್ವನ ಕಿವ್ಯಾಗಿನ ಬೆಂಡೋಲಿ ಕಂಡ್ವು, ಅಕಿ ಫೋನ್ ಕಿವಿಗೆ ಹಿಡದಿದ್ಲು. ಆಮ್ಯಾಲ ತಂಬಿಗಿಗೆ ಒರಗಿಸಿ ಇಟ್ಟಳ ನೋಡ, ನನ್ನ ಮಗ ನೇಮಣ್ಣ ನೀರ ಹಾಕೂದು, ನೀ ತುತ್ತ ಇಡೂದು, ಮಹಾರಾಜರ ಬೊಗಸಿ, ಎಲ್ಲಾ ಕಂಡೆ. ನನ್ನ ಜನ್ಮ ಸಾರ್ಥಕ ಆತು."

ನೆಟ್‌ವರ್ಕಿಂಗ್ ಸೋತು ತಂಬಿಗೆ ಗೆದ್ದಿತ್ತು! ಆದರೂ ಇಂಜಿನಿಯರ್ ಅಷ್ಟು ಸುಲಭಕ್ಕೆ ಬಗ್ಗುತ್ತಾಳೆಯೇ? "ನಂಬರ್ ಒಂದ ಹೊರಗ ದಾಟಲಿಲ್ಲ ಅತ್ತಿ. ದಾಟಿದ್ದಿದ್ರ ನನ್ನ ಕ್ಯಾಮರಾದಾಗ ಇನ್ನೂ ಸ್ವಚ್ಛ ಕಾಣತಿತ್ತು," ಎಂದೆ.

"ಮನ್ಯಾಗರ ಹತ್ತತೈತಲ್ಲ, ನೋಡೂನು," ಎಂದು ನಮ್ಮ ಮನೆಯವರು ತಮ್ಮ ಮೊಬೈಲಿನಲ್ಲಿ ನಂಬರ್ ಒತ್ತಿದರು. ನೋಡಿದರು. ಮೊಬೈಲನ್ನು ಅಡ್ಡ ಹಿಡಿದು ನೋಡಿದರು. "ಏನಿದು, ಬರೇ ಹಸರ ಐತಿ?"

ಎದ್ದು ಹೋಗಿ ಅಡುಗೆಮನೆಯ ಗೋಡೆಯತ್ತ ತಲೆ ಎತ್ತಿದೆ. ಮುಂಜಾನೆ ನಾನೇ ಭಕ್ತಿಯಿಂದ ಕಟ್ಟಿದ ತೋರಣದ ಒಂದು ಎಲೆ ಕ್ಯಾಮರಾದ ಕಣ್ಣಿಗೆ ಅಂಟಿಕೊಂಡು ತಣ್ಣಗೆ ತೂಗುತ್ತಿತ್ತು!

"ಏನ ಕಾಣಾಕತ್ತೈತೋ ನೇಮಣ್ಣ?" ಎಂದು ಫೋನಿನಿಂದ ಅತ್ತೆ ಕೇಳಿದರು.

"ಮಾವಿನ ಎಲಿ ಅವ್ವಾ. ಅದೊಂದ."

ಅತ್ತೆ ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದರು:

"ಹಂಗಾರ ನಮ್ಮ ಎಮ್ಮೀನ ಚಲೋ ಇದ್ವು ಬಿಡ ಯವ್ವಾ!"